ಕಡಗದ ತಿರುಪು

ಭೂಮಿಯ ಸೆಳೆತ ಸಡಿಲಗೊಂಡ ಮೇಲೆ ಚಿನ್ನದ ಭಾರವೂ ಸಾಲದಾಗಿ, ಮದುವೆಗೆಲ್ಲ ಪ್ಲಾಟಿನಂ ಕಡಗವೇ ಬೇಕಾಯಿತು.

ಅಕ್ಕಸಾಲಿ ಮೌನೇಶಾಚಾರ್ಯರು ಮದುಮಗಳು ವಾರಿಜಳ ಕಾಲಿಗೆ ಆ ಬೆಳ್ಳನೆಯ ಕಡಗ ತೊಡಿಸಿದರು. ತೇಲುತ್ತಿದ್ದ ಹುಡುಗಿ ಮೆಲ್ಲಗೆ ನೆಲಕ್ಕಿಳಿದಳು; ಕಣ್ಣು ಮಾತ್ರ ಕಿಟಕಿಯಾಚೆಯ ಮೋಡದಲ್ಲೇ ಉಳಿಯಿತು.

"ಬೆಸುಗೆ ಹಾಕಿಬಿಡಿ ಆಚಾರ್ರೇ, ಗಂಡನ ಮನೇಲಿ ಕಾಲೂರಬೇಕಲ್ಲ," ಎಂದರು ತಾಯಿ ಗಿರಿಜಮ್ಮ.

ಬೆಸೆದರೆ ಸಾಯುವ ತನಕ ಬಿಚ್ಚುವಂತಿಲ್ಲ. ಆಚಾರ್ಯರಿಗೆ ಯಾಕೋ ಮನಸ್ಸು ಬರಲಿಲ್ಲ. ಅವಳೇ ಬಿಚ್ಚಿಕೊಳ್ಳುವಂತೆ ಒಳಬದಿಗೆ ಸಣ್ಣದೊಂದು ತಿರುಪು ಕೂರಿಸಿದರು. ಗಿರಿಜಮ್ಮ ಅದನ್ನು ನೋಡಿಯೇಬಿಟ್ಟರು. ಬೈಗುಳ ಬರುತ್ತದೆಂದು ಆಚಾರ್ಯರು ತಲೆ ತಗ್ಗಿಸಿದರು.

ಮಗಳು ಹೊಸಿಲು ದಾಟಿದ ಮೇಲೆ ಗಿರಿಜಮ್ಮ ಸೀರೆಯ ನಿರಿಗೆ ತುಸು ಎತ್ತಿ, ಮೂವತ್ತು ವರ್ಷಗಳಿಂದ ಸವೆಯದೆ, ಮಾಸದೆ ಹೊಳೆಯುತ್ತಿದ್ದ ಕಡಗದ ಕಾಲನ್ನು ಮುಂದೆ ಚಾಚಿದರು.

"ಇದಕ್ಕೂ ಒಂದು ತಿರುಪು ಕೂರಿಸಿಕೊಡ್ತೀರಾ?"