ಎತ್ತಿ ಕುಡಿಯುವ ಮನೆ

ಸೊಸೆ ತೂಕ ಇಳಿಸಲೆಂದು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದಳು. ಬಂದಾಗಿನಿಂದ ಕುಡಿದ ನೀರೆಲ್ಲ ವಾಂತಿ. ತುಟಿ ಒಣಗಿ ಒಡೆದಿತ್ತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು.

"ಚೆನ್ನಾಗಿದ್ದ ಹೊಟ್ಟೆ ಕೊಯ್ಸಿಕೊಂಡು ಈಗ ನೀರಿಗೂ ಗತಿಯಿಲ್ಲ," ಎಂದಳು ನನ್ನ ಹೆಂಡತಿ.

"ಸಾಕು ಮಾಡಿ ಅತ್ತೆ. ನಂಗೇನು ವಾಂತಿ ಮಾಡೋಕೆ ಆಸೇನಾ?"

ಸೊಸೆ ಲೋಟ ಮೇಲೆತ್ತಿ ಒಂದು ಗುಟುಕು ಬಾಯಿಗೆ ಸುರಿದುಕೊಂಡಳು. ಕೂಡಲೇ ಬಚ್ಚಲಿಗೆ ಓಡಿದಳು. ಮಗ ರೇಗಿ ಆಸ್ಪತ್ರೆಗೆ ಫೋನ್ ಮಾಡಿದ. ನರ್ಸಮ್ಮನ ದನಿ ನಮಗೆಲ್ಲ ಕೇಳಿಸುತ್ತಿತ್ತು.

"ಹೆಂಗೆ ಕುಡೀತಾರೆ?"

"ಎತ್ತಿಕೊಂಡು."

"ಅಯ್ಯೋ, ಎತ್ತಿ ಕುಡಿದ್ರೆ ಗಾಳೀನೂ ಒಳಗೆ ಹೋಗುತ್ತೆ ಸಾರ್. ಲೋಟ ಕಚ್ಚಿ ಚೂರುಚೂರೇ ಹೀರಲಿ. ಸಂಜೆಯೊಳಗೆ ನೀರು ನಿಲ್ಲದಿದ್ರೆ ಕರ್ಕೊಂಡ್ ಬಂದು ಅಡ್ಮಿಟ್ ಮಾಡಿ."

ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸುವಂತಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಜ್ವರದ ಮಂಪರಿನಲ್ಲಿ ಕಚ್ಚಿ ಕುಡಿದೆನೆಂದು ಆ ಲೋಟವನ್ನೇ ಹಿತ್ತಲಿಗೆ ಎಸೆದವಳು ನನ್ನ ಹೆಂಡತಿ.

ಮಗ ಲೋಟ ಚಾಚಿದ. ಸೊಸೆ ಅತ್ತೆಯ ಮುಖ ನೋಡಿ ಬಾಯಿ ಬಿಗಿದಳು.

"ಬೇಡ. ಆಮೇಲೆ ಇವರ ಮಾತು ಯಾರು ಕೇಳ್ತಾರೆ? ಆಸ್ಪತ್ರೆಗೇ ಹೋಗ್ತೀನಿ."

ಹೆಂಡತಿ ದಡಕ್ಕನೆ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ತನ್ನ ಬೆಳ್ಳಿ ಲೋಟದಲ್ಲಿ ನೀರು ತಂದು ಸೊಸೆಯ ಎದುರು ಕೂತಳು. ಆ ಲೋಟವನ್ನು ನಾನೂ ಮುಟ್ಟಿದವನಲ್ಲ.

ಅದರ ಅಂಚಿಗೆ ತುಟಿಯಿಟ್ಟು ಸೊರ್ರೆಂದು ಹೀರಿ, ಸೊಸೆಯ ಕೈಗೆ ಕೊಟ್ಟಳು. "ತಗೋ, ನಾನೇ ಎಂಜಲು ಮಾಡಿದೀನಿ. ಕಚ್ಚಿ ಕುಡಿ."