ಕವಲೊಡೆದ ರೆಸಿನ್

ಕಾರ್ಖಾನೆಯಲ್ಲಿ ರೆಸಿನ್ ಕಲಕುವ ಮೋಟಾರಿನ ಗುಂಯ್ ಸದ್ದು ಇದ್ದಕ್ಕಿದ್ದಂತೆ ಗೊರಗೊರ ಎಂದಿತು. ಪಕ್ಕದ ತೂಕದ ಕೋಣೆಯಲ್ಲಿದ್ದ ಸೊಸೆ ಓಡಿ ಬಂದಳು. ಬಕೆಟ್ಟಿಗಿಂತ ತುಸು ದೊಡ್ಡದಾದ ಪ್ರಯೋಗದ ಪಾತ್ರೆಯೊಳಗೆ ಮಾವ ಕೋಲು ಆಡಿಸುತ್ತಿದ್ದರು.

"ಗಟ್ಟಿಯಾಗ್ತಿದೆ ನೋಡಮ್ಮ!" ಅವರ ಮುಖದಲ್ಲಿ ಗೆದ್ದ ಖುಷಿ.

ಪೇಂಟಿಗೆಂದು ಅವಳು ತಯಾರಿಸುತ್ತಿದ್ದ ಈ ರೆಸಿನ್, ಬಣ್ಣವನ್ನು ಹಿಡಿದಿಡುವ ಅಂಟು, ಗಟ್ಟಿಯಾಗಲೇಬಾರದು. ಮಾವ ಇಷ್ಟು ವರ್ಷ ಮಾಡಿ ಮಾರಿದ ರೆಸಿನ್ನಿನ ಅಣುಗಳು ಉದ್ದನೆಯ ದಾರದಂಥವು. ಒಂದಕ್ಕೊಂದು ಸಿಕ್ಕು ಬಿದ್ದು ಜೇನಿನಂತೆ ಮಂದವಾಗುತ್ತಿದ್ದವು. ಅವಳದ್ದು ಗಿಡದಂತೆ ಕವಲೊಡೆದು ಗುಂಡಗಾಗುವ ಅಣು. ಅಣುವಿನ ತೂಕ ಅಷ್ಟೇ ಇದ್ದರೂ ಎಣ್ಣೆಯಂತೆ ಸಲೀಸಾಗಿ ಹರಿಯಬೇಕು.

"ಮಾವ, ಏನು ಹಾಕಿದ್ರಿ?"

"ನೀರಿನ ಹಾಗಿತ್ತು ಕಣಮ್ಮ, ಯಾರು ತಗೋತಾರೆ ಇದನ್ನ? ಕವಲು ಬರೋಕೆ ಅಂತ ನೀನು ಹಾಕ್ತೀಯಲ್ಲ, ಆ ದ್ರವಾನೇ ಇನ್ನೊಂದು ಲೋಟ..."

ಮಾತು ಮುಗಿಯಲಿಲ್ಲ. ಒಳಗಿನದೆಲ್ಲ ಒಮ್ಮೆಗೇ ಮುದ್ದೆಯಾಗಿ, ಮೋಟಾರು ತಿರುಗಿಸುತ್ತಿದ್ದ ಕಲಕುವ ಸರಳಿಗೆ ಸುತ್ತಿಕೊಂಡು ಮೇಲೇರಿತು. ಕೋಲನ್ನು ಕಚ್ಚಿಕೊಂಡಿತು. ಬಿಡಿಸಲು ಹೋದ ಮಾವನ ಕೈಗವಸೂ ಅಂಟಿತು. ಸರಳು ಇನ್ನೂ ತಿರುಗುತ್ತಲೇ ಇತ್ತು.

"ಕೈ ತೆಗಿಯೋ! ತೆಗಿಯೋ ಅಂದ್ರೆ!"

ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯನೆದುರು ದನಿಯನ್ನೇ ಏರಿಸದವಳು. ಒಂದು ಕೈಯಿಂದ ಸ್ವಿಚ್ಚಿಗೆ ಬಡಿದು, ಇನ್ನೊಂದರಿಂದ ಅವರ ಮೊಣಕೈ ಹಿಡಿದು ಹಿಂದಕ್ಕೆ ಜಗ್ಗಿದಳು. ಕೈ ಬಂತು, ಗವಸು ಬರಲಿಲ್ಲ. ಇಬ್ಬರೂ ದೊಪ್ಪನೆ ನೆಲಕ್ಕೆ ಬಿದ್ದರು.

ಮಾವ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ನೋಡಿಕೊಂಡರು. "ಈಗಷ್ಟೇ ನೀರಾಗಿತ್ತಲ್ಲಮ್ಮ..."

"ಅಳತೆ ಮೀರಿದ್ರೆ ಕವಲಿಗೆ ಕವಲು ಸೇರ್ಕೊಂಡ್ಬಿಡತ್ತೆ ಮಾವ. ಕೊನೇವರೆಗೂ ಏನೂ ಗೊತ್ತಾಗಲ್ಲ. ಆಮೇಲೆ ಎಲ್ಲಾ ಒಟ್ಟಿಗೆ." ಅವಳಿಗೆ ಉಸಿರು ಸಿಗುತ್ತಿರಲಿಲ್ಲ. "ಅಲ್ಲಿರೋದು ಈಗ ಕೋಟಿ ಅಣು ಅಲ್ಲ. ಹೆಚ್ಚುಕಮ್ಮಿ ಇಡೀ ಮುದ್ದೆನೇ ಒಂದು ಅಣು."

"ಒಂದೇ?"

ಮಾವ ಗೋಡೆ ಹಿಡಿದು ಎದ್ದು ಪಾತ್ರೆಯೊಳಗೆ ಇಣುಕಿದರು. ಗಾಜಿನಂಥ ಮುದ್ದೆಯ ನಡುವೆ, ಐದೂ ಬೆರಳು ಅಗಲಿಸಿಕೊಂಡು ಖಾಲಿ ಗವಸು ನಿಂತಿತ್ತು, ಇನ್ನೂ ಯಾರದೋ ಕೈ ಅದರೊಳಗಿದೆ ಎಂಬಂತೆ.