ಬೀರುವಿನೊಳಗಿನ ನಕ್ಷೆ

ಸಂಗಮೇಶ್ ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ಮುಜಾಫರ್ ಮೇಜಿನ ಮೇಲಿದ್ದ ನಕ್ಷೆಯನ್ನು ಸುರುಳಿ ಸುತ್ತಿ, ಬೀರುವಿಗೆ ಸೇರಿಸಿ ಬೀಗ ಹಾಕಿದ. ಬಂದವನಿಗೆ ಕುರ್ಚಿ ತೋರಿಸಿ, ಪ್ರತಿ ಸಲದ ಮಾತನ್ನೇ ಹೇಳಿದ.

“ಫೋನ್ ಮೇಜಿನ ಮ್ಯಾಲ ಇಡ್ರಿ. ನನ್ನ ಕಣ್ಣಿಗೆ ಕಾಣಂಗ ಇರ್ಲಿ.”

ಸಂಗಮೇಶ್ ಜೇಬಿನಿಂದ ಫೋನ್ ತೆಗೆದು ಅವನ ಮುಂದೆಯೇ ಇಟ್ಟ.

ಇದೆಂಥ ಸಂಶಯದ ಮನುಷ್ಯ ಎನ್ನುವವರು ಮುಜಾಫರನ ಪಾಡು ಕೇಳಬೇಕು. ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಇಪ್ಪತ್ತಾರು ವರ್ಷದಿಂದ ಆರ್ಕಿಟೆಕ್ಟ್. ಮನೆ ಕಟ್ಟಿಸುವವರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಮನೆಯವರಿಗೆ ತೋರಿಸುತ್ತೇವೆಂದು ನಕ್ಷೆಯ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಫೋಟೊ ನೇರ ಮೇಸ್ತ್ರಿಯ ಕೈ ಸೇರುತ್ತದೆ. ಹತ್ತಿರದ ಮೋಕ ಊರಿನಲ್ಲಿ ಅವನ ನಕ್ಷೆಯ ಎರಡು ಮನೆಗಳು ಹೀಗೇ ಎದ್ದಿವೆ. ಗೃಹಪ್ರವೇಶಕ್ಕೂ ಯಾರೂ ಅವನನ್ನು ಕರೆಯಲಿಲ್ಲ. ಇತ್ತೀಚೆಗಂತೂ ಸೈಟಿನ ಅಳತೆ ಒತ್ತಿದರೆ ಫೋನೇ ಒಂದು ನಕ್ಷೆ ಉದುರಿಸುತ್ತದೆ. ಅದರಲ್ಲಿ ಮಲಗುವ ಕೋಣೆಗೆ ಸಂಜೆ ಬಿಸಿಲು ಬಡಿದರೂ ಜನಕ್ಕೆ ಪರವಾಗಿಲ್ಲ.

ಹದಿನಾಲ್ಕು ತಿಂಗಳಿಂದ ಒಂದು ಮನೆಯೂ ಬಂದಿರಲಿಲ್ಲ. ಸಂಗಮೇಶ್ ಕಟ್ಟಿಸುತ್ತೇನೆಂದಿದ್ದ ಸಿರುಗುಪ್ಪದ ಈ ಮನೆಯೂ ಕೈತಪ್ಪಿದರೆ ಆಫೀಸು ಮುಚ್ಚಿದಂತೆಯೇ. ಆಮೇಲೆ ಭಾಮೈದ ಅಜರುದ್ದೀನನ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಬಣ್ಣ ತೋರಿಸುವ ಕೆಲಸ. ಹೆಂಡತಿ ಸುಲ್ತಾನಾ ಆಗಲೇ ತಮ್ಮನ ಕಿವಿಗೆ ಹಾಕಿದ್ದಳು.

ಅದಕ್ಕೇ ಈ ಸಲ ಗಟ್ಟಿ ಮನಸ್ಸು ಮಾಡಿದ್ದ. ಒಪ್ಪಂದಕ್ಕೆ ಸಹಿ ಬೀಳುವ ತನಕ ಕಾಗದ ತೋರಿಸುವುದಿಲ್ಲ, ಏನಿದ್ದರೂ ಬಾಯಿಮಾತು. ಬರೀ ಬಾಯಿಮಾತು ಕೇಳಿ ಯಾವ ಮೇಸ್ತ್ರಿ ಮನೆ ಕಟ್ಟಿಯಾನು?

ವಿಚಿತ್ರವೆಂದರೆ ಸಂಗಮೇಶ್ ಕಾಗದ ಕೇಳಲೇ ಇಲ್ಲ. ಆರು ವಾರದಿಂದ ವಾರಕ್ಕೆರಡು ಸಲ ಬರುತ್ತಿದ್ದ. ಚೌಕಾಸಿಯಿಲ್ಲ, ಪಕ್ಕದ ಮನೆಯಂಥದೇ ಬೇಕೆಂಬ ಹಟವಿಲ್ಲ. ಕೇಳುತ್ತಿದ್ದದ್ದು ಒಂದೇ, ಯಾಕೆ.

“ಪಶ್ಚಿಮಕ್ಕ ಬಚ್ಚಲ ಯಾಕ್ರಿ ಸರ್?”

ಮುಜಾಫರ್ ಹೇಳುತ್ತಿದ್ದ. ಇಳಿಬಿಸಿಲಿನ ಕಾವನ್ನು ಬಚ್ಚಲು, ಉಗ್ರಾಣ ತಿನ್ನಲಿ, ಮಲಗುವವರು ತಣ್ಣಗಿರಲಿ. ಕುರುಗೋಡಿನ ಹಳೆಯ ಕಲ್ಲುಮನೆಗಳಲ್ಲಿ ಮಧ್ಯಾಹ್ನಗಟ್ಟಲೆ ಕೂತು ಗೋಡೆಯ ದಪ್ಪ ಕಲಿತದ್ದನ್ನು ಹೇಳಿದ. ಕಾಲುವೆಗೆ ನೀರು ಬಿಟ್ಟಾಗ ಸೊಳ್ಳೆ ಯಾವ ಕಡೆಯಿಂದ ನುಗ್ಗುತ್ತದೆ, ಹೆಂಗಸರು ಭತ್ತ ಹಸನು ಮಾಡುವ ಜಾಗಕ್ಕೆ ಎಷ್ಟು ನೆರಳು ಬೇಕು, ಎಲ್ಲ ಹೇಳಿದ. ಇಷ್ಟು ವರ್ಷದಲ್ಲಿ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬರುತ್ತಿತ್ತು.

ಪ್ರಶ್ನೆಗಳು ಬೆಳೆದವು. ಸೈಟು ದಕ್ಷಿಣಕ್ಕೆ ಮುಖ ಮಾಡಿದ್ದರೆ? ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಒಲೆ ಹೂಡಿದರೆ? ಹೆಂಗಸರಿಗೆ ಮರೆಯೂ ಬೇಕು, ಗಾಳಿಯೂ ಬೇಕು ಎಂದರೆ? ಮುಜಾಫರ್ ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ: ತೆಕ್ಕಲಕೋಟೆಯ ಬೀಗರಿಗೋ ಕುರುಗೋಡಿನ ನೆಂಟರಿಗೋ ಬೇಕೆಂದು ಕೇಳುತ್ತಿದ್ದಾನೆ. ಇವನ ಹಿಂದೆ ಇನ್ನೂ ನಾಲ್ಕು ಮನೆ ಬರುತ್ತವೆ ಎಂದು ಸುಲ್ತಾನಾಗೆ ಹೇಳಿದ. ಅವಳು ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆ ಎತ್ತಲಿಲ್ಲ.

ಒಂದೇ ಕೊರಗು, ಸೈಟು ನೋಡಿರಲಿಲ್ಲ. ಎರೆಮಣ್ಣಿನ ನೆಲ, ಪಾಯದ ಆಳ ನೋಡಬೇಕೆಂದರೆ, ಪಕ್ಕದ ಗದ್ದೆಯ ನೀರು ನಿಂತಿದೆ, ಸುಗ್ಗಿ ಮುಗಿಯಲಿ ಎನ್ನುತ್ತಿದ್ದ ಸಂಗಮೇಶ್. ನೆಲ ತುಳಿಯದೆ ಗೆರೆ ಎಳೆಯದ ಮುಜಾಫರ್ ಮೊದಲ ಸಲ ಹಾಗೆಯೇ ಒಂದು ಮನೆ ಮುಗಿಸಿದ. ಅವನ ಕೈಯಿಂದ ಅಷ್ಟು ಒಳ್ಳೆಯ ಮನೆ ಹಿಂದೆಂದೂ ಮೂಡಿರಲಿಲ್ಲ.

ಆ ದಿನ ಕೇಳುವುದೆಲ್ಲ ಮುಗಿಯಿತೆಂದು ಸಂಗಮೇಶ್ ಎದ್ದು ಕೈಮುಗಿದ. ಇಂಥವನ ಮೇಲೆ ಸಂಶಯಪಟ್ಟೆನಲ್ಲ ಎಂದು ಮುಜಾಫರನಿಗೆ ನಾಚಿಕೆಯಾಯಿತು. ಸಹಿಯ ಮಾತೆತ್ತದೆ ಬೀರು ತೆಗೆದು ನಕ್ಷೆಯನ್ನು ಅವನ ಕೈಗಿತ್ತ.

“ತಗೊಂಡು ಹೋಗ್ರಿ. ಫೋಟೊ ಬೇಕಾದ್ರೂ ಹೊಡ್ಕೊಳ್ರಿ.”

ಸಂಗಮೇಶ್ ಸುರುಳಿ ಬಿಚ್ಚಲಿಲ್ಲ. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ಸಿರುಗುಪ್ಪದಾಗ ನಂದು ಸೈಟ ಇಲ್ರಿ ಸರ್. ನಾನೂ ಮೊದ್ಲು ಪ್ಲಾನ್ ಬರೀತಿದ್ದೆ, ಕೆಲ್ಸ ಹೋತು. ಈಗ ಫೋನಿನ್ಯಾಗ ಪ್ಲಾನ್ ಹಾಕಿಕೊಡೋ ಕಂಪನ್ಯಾಗ ಅದೀನಿ. ಪ್ಲಾನ್ ಹಾಕೋ ಮಷೀನಿಗೆ ಕಲ್ಸಾಕ ಆರು ವಾರ ನೀವು ಮಾತಾಡಿದ್ದಷ್ಟ ಅವ್ರಿಗೆ ಬೇಕಾಗಿತ್ತು, ಅದು ಎಲ್ಲಾ ಮೇಜಿನ ಮ್ಯಾಲಿನ ಈ ಫೋನಿನ್ಯಾಗ ರೆಕಾರ್ಡ್ ಆಗೈತಿ.”